ಕೊಡ ಹೊತ್ತ ಮಕ್ಕಳು: ಮಲಪ್ರಭೆಯ ದಂಡೆಯ ಕಥೆಗಳಲ್ಲಿ ಅದ್ಭುತ ಹೊಣೆಯ ವಾರಸುದಾರಿಕೆ

ಮಕ್ಕಳಿಗಾಗಿ ಬರೆದ ಅದ್ಭುತ ಕಾದಂಬರಿಗಳಲ್ಲಿ ಒಂದು ಕಥಾಬಂಧ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯ ಮನೆಯ ಮಗುವಿಗೆ ಹಿರಿಯರಿಂದ ಒಂದು ಶಕ್ತಿ ಬರುತ್ತದೆ, ಅದರ ಬೆನ್ನಿಗೇ ಹೊಣೆಯೂ ಬರುತ್ತದೆ. ಸೂಸನ್ ಕೂಪರ್ ಅವರ ‘ದಿ ಡಾರ್ಕ್ ಈಸ್ ರೈಸಿಂಗ್’ (1973) ಕಾದಂಬರಿಯ ಹುಡುಗನಿಗೆ ಹನ್ನೊಂದು ತುಂಬಿದ ದಿನವೇ ತಾನು ಪುರಾತನ ಕಾವಲುಗಾರರ ಸಾಲಿನ ಕೊನೆಯವನೆಂಬುದು ತಿಳಿಯುತ್ತದೆ. ಅಲನ್ ಗಾರ್ನರ್ ಅವರ ‘ದಿ ಔಲ್ ಸರ್ವಿಸ್’ (1967) ಕಾದಂಬರಿಯಲ್ಲಿ ವೇಲ್ಸ್ ನಾಡಿನ ಕಣಿವೆಯೊಂದರ ಹಳೆಯ ಪುರಾಣ ಪ್ರತಿ ತಲೆಮಾರಿನ ಎಳೆಯರ ಬದುಕಿನಲ್ಲಿ ಮರುಕಳಿಸುತ್ತದೆ.

ಈ ಕಥಾಬಂಧ ನಮಗೆ ಹೊರಗಿನಿಂದ ಬಂದದ್ದಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಅದು ಕಥೆಯಾಗಿಯೂ ಆಚರಣೆಯಾಗಿಯೂ ಬಹುಕಾಲದಿಂದ ಬಾಳಿಕೊಂಡು ಬಂದಿದೆ. ಆ ಬಾಳಿಕೆಯ ಇತಿಹಾಸವನ್ನು ಗುರುತಿಸುವುದು, ಅದು ನಿಜವಾದ ಮಕ್ಕಳ ಮೇಲೆ ಹೇರಿದ ಭಾರವನ್ನು ಮರೆಮಾಚದೆ ಹೇಳುವುದು, ಕನ್ನಡದ ಮಕ್ಕಳ ಕಾದಂಬರಿ ಇದರಿಂದ ಏನನ್ನು ಪಡೆಯಬಹುದೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ನದಿ ಮತ್ತು ಗುಡ್ಡ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲ ಸೀಮೆಯನ್ನು ದಾಟಿ, ಸವದತ್ತಿಯ ನವಿಲುತೀರ್ಥದ ಕಣಿವೆಯನ್ನು ಸೀಳಿಕೊಂಡು ರಾಮದುರ್ಗದತ್ತ ಸಾಗುತ್ತದೆ. ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಉದ್ದಕ್ಕೂ ಪುರಾಣದ ಊರುಗಳಿವೆ. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರದ ಶಬರಿಕೊಳ್ಳದಲ್ಲಿ ಶಬರಿ ರಾಮನಿಗಾಗಿ ಕಾದಳೆಂದು ಜನ ನಂಬುತ್ತಾರೆ.  

ಈ ಸೀಮೆಯ ಕಥಾಲೋಕದ ನಡುಗಂಬ ಸವದತ್ತಿಯ ಎಲ್ಲಮ್ಮನ ಗುಡ್ಡ. ಎಲ್ಲಮ್ಮನೆಂದರೆ ಪುರಾಣದ ರೇಣುಕೆ, ಜಮದಗ್ನಿ ಋಷಿಯ ಹೆಂಡತಿ, ಪರಶುರಾಮನ ತಾಯಿ. ಹೊಸ್ತಿಲ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಇಲ್ಲಿ ಸೇರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುತ್ತಾರೆ. ಜಮದಗ್ನಿಯ ಮರಣವನ್ನು ನೆನೆದು ಬಳೆ ಒಡೆಯುವ ಹುಣ್ಣಿಮೆಗೆ ರಂಡಿ ಹುಣ್ಣಿಮೆ ಎಂದೂ, ಅವನು ಮರಳಿ ಜೀವ ಪಡೆದುದನ್ನು ನೆನೆದು ಬಳೆ ತೊಡುವ ಹುಣ್ಣಿಮೆಗೆ ಮುತ್ತೈದೆ ಹುಣ್ಣಿಮೆ ಎಂದೂ ಜನ ಕರೆಯುತ್ತಾರೆ. ಇಲ್ಲಿ ಕಥೆಯನ್ನು ಕೇಳಿ ಬಿಡುವುದಿಲ್ಲ, ವರ್ಷವರ್ಷವೂ ಮೈಮೇಲೆ ಹೊರುತ್ತಾರೆ.

ಮರಳ ಕೊಡ, ಹಾವಿನ ಸಿಂಬಿ

ಮಹಾಭಾರತದ ವನಪರ್ವದಲ್ಲಿ ರೇಣುಕೆಯ ಕಥೆ ಚಿಕ್ಕದು. ನದಿಗೆ ಹೋದ ರೇಣುಕೆ ಜಲಕ್ರೀಡೆಯಲ್ಲಿದ್ದ ಚಿತ್ರರಥನೆಂಬ ರಾಜನನ್ನು ಕಂಡು ಮನಸೋಲುತ್ತಾಳೆ. ಸಿಟ್ಟಾದ ಜಮದಗ್ನಿ ತಾಯಿಯನ್ನು ಕೊಲ್ಲುವಂತೆ ಮಕ್ಕಳಿಗೆ ಹೇಳುತ್ತಾನೆ. ನಾಲ್ವರು ಒಪ್ಪದೆ ಶಾಪಕ್ಕೆ ಗುರಿಯಾಗುತ್ತಾರೆ. ಕಿರಿಯವನಾದ ಪರಶುರಾಮ ಕೊಡಲಿ ಎತ್ತುತ್ತಾನೆ, ಆಮೇಲೆ ವರ ಬೇಡಿ ತಾಯಿಯನ್ನೂ ಅಣ್ಣಂದಿರನ್ನೂ ಉಳಿಸಿಕೊಳ್ಳುತ್ತಾನೆ.

ಮಲಪ್ರಭೆಯ ದಂಡೆಯ ಜನಪದ ಈ ಕಥೆಗೆ ತನ್ನದನ್ನು ಸೇರಿಸಿತು. ಇಲ್ಲಿ ರೇಣುಕೆ ದಿನವೂ ಹೊಳೆಯ ಮರಳಿನಿಂದಲೇ ಕೊಡ ಮಾಡುತ್ತಾಳೆ, ಜೀವಂತ ಹಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಗಂಡನ ಪೂಜೆಗೆ ನೀರು ತರುತ್ತಾಳೆ. ಮನಸ್ಸು ಒಂದು ಗಳಿಗೆ ಚಂಚಲವಾದ ದಿನ ಕೊಡ ಕರಗುತ್ತದೆ, ಹಾವು ಹರಿದು ಹೋಗುತ್ತದೆ. ಗಂಡನ ಶಾಪದಿಂದ ರೋಗಹಿಡಿದು ಅಲೆಯುವ ಅವಳಿಗೆ ಎಕ್ಕಯ್ಯ, ಜೋಗಯ್ಯರೆಂಬ ಸಿದ್ಧರು ದಾರಿ ತೋರುತ್ತಾರೆ. ಬಾವಿಯಲ್ಲಿ ಮಿಂದು ಗುಣವಾದ ಅವಳು ಅವರ ಮಾತಿನಂತೆ ಜೋಗು ಬೇಡಿ ಮನೆಗೆ ಮರಳುತ್ತಾಳೆ. ಕೊಡಲಿಯ ಪ್ರಸಂಗ ಬರುವುದು ಆಮೇಲೆ.

ಜನಪದದ ಈ ಸೇರ್ಪಡೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಇಲ್ಲಿ ಅದ್ಭುತವೆಂಬುದು ದಿನನಿತ್ಯದ ಕೆಲಸ. ರೇಣುಕೆಯ ಶಕ್ತಿ ಯುದ್ಧ ಗೆಲ್ಲುವುದಕ್ಕೂ ಅಲ್ಲ, ನಿಧಿ ಅಗೆಯುವುದಕ್ಕೂ ಅಲ್ಲ, ನೀರು ತರುವುದಕ್ಕೆ. ಬಯಲುಸೀಮೆಯ ಹೆಣ್ಣುಮಕ್ಕಳು ಬೆಳಗಾದರೆ ಮಾಡುವ ಕೆಲಸವನ್ನೇ ಕಥೆ ಪವಾಡಕ್ಕೆ ಏರಿಸಿದೆ. ಎರಡನೆಯದು, ಈ ಶಕ್ತಿಗೆ ಬಿಡುವಿಲ್ಲ. ಅದನ್ನು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಾಗದು. ನಿನ್ನೆಯ ಕೊಡ ಇಂದಿಗೆ ಬರುವುದಿಲ್ಲ, ಮರಳನ್ನು ಇಂದು ಮತ್ತೆ ಕಟ್ಟಬೇಕು. ಅದ್ಭುತ ಶಕ್ತಿಯನ್ನು ಹೊಣೆಯಾಗಿ ಕಂಡ ಕಥೆಗಳಲ್ಲಿ ಇಷ್ಟು ನಿಖರವಾದ ಚಿತ್ರ ಅಪರೂಪ.

ಪರಶುರಾಮನ ಭಾಗವನ್ನು ಮಗುವಿನ ಕಣ್ಣಿನಿಂದ ನೋಡಿದರೆ ಕಥೆಯ ಇನ್ನೊಂದು ಮಗ್ಗುಲು ತೆರೆಯುತ್ತದೆ. ಐದು ಮಕ್ಕಳ ಮುಂದೆ ಒಂದೇ ಆಜ್ಞೆ ಬರುತ್ತದೆ. ಒಲ್ಲೆ ಎಂದವರಿಗೆ ಶಿಕ್ಷೆ, ಹೂಂ ಎಂದವನಿಗೆ ವರ. ಆದರೆ ಹೂಂ ಎಂದವನು ತನಗೆ ಸಿಕ್ಕ ವರವನ್ನು ಆಜ್ಞೆಯ ಫಲವನ್ನು ಅಳಿಸುವುದಕ್ಕೇ ಬಳಸುತ್ತಾನೆ. ಹಿರಿಯರು ಹೊರಿಸಿದ್ದನ್ನು ಹೊತ್ತು, ಹೊತ್ತಮೇಲೆ ಅದನ್ನು ತಿದ್ದುವುದು: ಮಕ್ಕಳ ಅದ್ಭುತ ಕಾದಂಬರಿಯ ತಿರುಳು ಇದೇ.

ಕೊಡ ಕೈಬದಲಿಸಿದ ಬಗೆ

ಕಥೆಯ ಕೊಡ ಎಲ್ಲಮ್ಮನ ಸೇವೆಗೆ ನಿಂತ ಜೋಗತಿಯರ ತಲೆಗೆ ಬಂತು. ತುಂಬಿದ ಕೊಡ, ದೇವಿಯ ಮುಖ ಕೂರಿಸಿದ ಜಗ, ಭಂಡಾರದ ಪಡ್ಡಲಗಿ, ಚೌಡಿಕೆ, ತಾಳ: ಇವು ಅವರ ಸೇವೆಯ ಸಾಮಗ್ರಿ. ಕೈ ತಾಗಿಸದೆ ತಲೆಯ ಮೇಲೆ ಕೊಡ ನಿಲ್ಲಿಸಿ ಕುಣಿಯುವ ಜೋಗತಿಯ ಕುಣಿತದಲ್ಲಿ ಕತ್ತು ಅಲುಗದು, ಸೊಂಟ ಮತ್ತು ಪಾದಗಳಷ್ಟೇ ಮಾತಾಡುತ್ತವೆ. ಮನಸ್ಸು ಒಂದೆಡೆ ನಿಲ್ಲದಿದ್ದರೆ ಕೊಡ ಉಳಿಯದು ಎಂಬ ಕಥೆಯ ನಿಯಮ ಇಲ್ಲಿ ದೇಹದ ನಿಯಮವಾಗಿದೆ.

ಈ ವಿದ್ಯೆ ಕೆಲವೊಮ್ಮೆ ಮನೆತನದಲ್ಲಿ ಇಳಿಯುತ್ತದೆ, ಕೆಲವೊಮ್ಮೆ ಗುರುವಿನಿಂದ ಶಿಷ್ಯರಿಗೆ ದಾಟುತ್ತದೆ. ಹಾಡಿನ ಸಾಲು, ಚೌಡಿಕೆಯ ಪೆಟ್ಟು, ಕೊಡದ ತೂಕ ಎಲ್ಲವೂ ಜೊತೆಗಿದ್ದೇ ಕಲಿಯಬೇಕಾದವು. ಮಂಜಮ್ಮ ಜೋಗತಿ ಅವರು ಕಾಳವ್ವ ಜೋಗತಿ ಅವರಿಂದ ಈ ಕಲೆಯನ್ನು ಪಡೆದು, ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಗೌರವ ಪಡೆದರು. ಮಂಜಮ್ಮ ಅವರಂತೆ ಸಮಾಜ ಹೊರತಳ್ಳಿದವರಿಗೆ ಎಲ್ಲಮ್ಮನ ಪರಂಪರೆ ಒಂದು ಹೆಸರು, ಒಂದು ಕಲೆ, ಒಂದು ತಾಯಿಯ ಆಸರೆ ಕೊಟ್ಟಿದ್ದನ್ನು ಇತಿಹಾಸ ಒಪ್ಪಿಕೊಳ್ಳಲೇಬೇಕು.

ವಾರಸು ಇಲ್ಲದ ಮನೆಗಳ ಎರಡು ದಾರಿ

ಹೊಣೆಯ ವಾರಸುದಾರಿಕೆ ಈ ಸೀಮೆಯ ರಾಜಕೀಯ ಇತಿಹಾಸವನ್ನೂ ರೂಪಿಸಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪ ಎಂಬ ಬಾಲಕನನ್ನು ದತ್ತು ಪಡೆಯಲಾಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಕೊನೆಗೆ ಸೆರೆಯಾದ ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕಣ್ಣುಮುಚ್ಚಿದಳು. ಅವಳ ಸಮಾಧಿ ಅಲ್ಲಿಯೇ ಇದೆ. ಸವದತ್ತಿ ತಾಲೂಕಿನ ಶಿರಸಂಗಿ ದೇಸಗತಿಗೆ ದತ್ತಕನಾಗಿ ಬಂದ ಲಿಂಗರಾಜ ದೇಸಾಯಿ ತನಗೆ ಬಂದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡ.

ಗಂಡು ಸಂತಾನವಿಲ್ಲದ ದೇಸಾಯರ ವಾಡೆ ಹುಡುಗನೊಬ್ಬನನ್ನು ದತ್ತು ಪಡೆಯಿತು. ಗಂಡು ಸಂತಾನವಿಲ್ಲದ ಎಷ್ಟೋ ಬಡ ದಲಿತ ಮನೆಗಳು ಮಗಳೊಬ್ಬಳನ್ನು ಎಲ್ಲಮ್ಮನಿಗೆ ಬಿಟ್ಟವು. ಹಾಗೆ ಬಿಟ್ಟ ಗುರುತಾಗಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡ ಮಗಳು ಮದುವೆಯಾಗಿ ಹೊರಗೆ ಹೋಗುವವಳಲ್ಲ. ಅವಳು ತವರಿನಲ್ಲೇ ಉಳಿದು, ಮಗನಂತೆ ಆಸ್ತಿಗೆ ಬಾಧ್ಯಳಾಗಿ, ತಂದೆತಾಯಿಗಳ ಮುಪ್ಪು ನೋಡಿಕೊಂಡು, ಅವರ ಕೊನೆಯ ಕ್ರಿಯೆಯನ್ನೂ ಮಾಡಬಲ್ಲವಳಾಗಿದ್ದಳು. ರೋಗ, ಹರಕೆ, ತಲೆಯಲ್ಲಿ ಜಡೆಗಟ್ಟಿದ ಕೂದಲು ಇವೂ ದೇವಿಯ ಕರೆ ಎನಿಸಿಕೊಂಡವು. ಎಣ್ಣೆ ಬಾಚಣಿಗೆ ಕಾಣದೆ ಗಂಟಾದ ಕೂದಲು ಒಂದು ಮಗುವಿನ ಇಡೀ ಬದುಕನ್ನು ತೀರ್ಮಾನಿಸಿಬಿಡುತ್ತಿತ್ತು. ದೇವಿಯ ಹೆಸರಿನಲ್ಲಿ ಹೊರಿಸಿದ ಆ ಹೊಣೆ ಪ್ರಾಯ ಬರುತ್ತಲೇ ಲೈಂಗಿಕ ಶೋಷಣೆಯಾಗಿ ತಿರುಗುತ್ತಿತ್ತು.

ಹೀಗೆ ದೇವಿಗೆ ಬಿಟ್ಟ ಹೆಣ್ಣುಮಕ್ಕಳನ್ನು, ಅಂದರೆ ದೇವದಾಸಿಯರನ್ನು, ಕಾಪಾಡಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಬೆಳಗಾವಿ ಜಿಲ್ಲೆ ಆಗ ಅದೇ ಪ್ರಾಂತದಲ್ಲಿತ್ತು. ಕಾಯ್ದೆಯ ನಂತರವೂ ಮುತ್ತು ಕಟ್ಟುವುದು ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ತನ್ನದೇ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಮಾಡಿತು. ಬೆಳಗಾವಿ ಜಿಲ್ಲೆಯವರೇ ಆದ ಸೀತವ್ವ ಜೋಡಟ್ಟಿ ಅವರನ್ನು ದೇವಿಗೆ ಬಿಟ್ಟಾಗ ಅವರಿಗೆ ಏಳು ವರ್ಷ. ಅವರು ಮಾಜಿ ದೇವದಾಸಿಯರ ಸಂಘಟನೆಯಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿ, ಬೇರೆ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಬೀಳದಂತೆ ದುಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಿರಿಯರು ಹೊರಿಸಿದ ಹೊಣೆಯನ್ನು ತಿರಸ್ಕರಿಸಿ, ತಾವೇ ಆರಿಸಿಕೊಂಡ ಹೊಣೆಯನ್ನು ಹೊತ್ತ ಬಾಳು ಅದು.

ಅಜ್ಜಿಯರ ಕಥೆ ತೋರಿದ ದಾರಿ

ಗುಡ್ಡದ ಪುರಾಣದ ಪಕ್ಕದಲ್ಲೇ ಇನ್ನೊಂದು ಕಥಾಪರಂಪರೆ ಒಲೆಯ ಮುಂದೆ, ಕತ್ತಲ ಪಡಸಾಲೆಯಲ್ಲಿ ಬೆಳೆಯಿತು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಈ ಭಾಗದ ಹೆಣ್ಣುಮಕ್ಕಳ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. ಶಿರಸಂಗಿಯ ದತ್ತುಪುತ್ರನ ಹೆಸರು ಹೊತ್ತ ಕಾಲೇಜು ಅದು. ಅವರ ಕನ್ನಡ ಕಥೆಗಳ ಇಂಗ್ಲಿಷ್ ಸಂಗ್ರಹ ‘ಎ ಫ್ಲವರಿಂಗ್ ಟ್ರೀ’ ಅವರ ಮರಣಾನಂತರ 1997ರಲ್ಲಿ ಪ್ರಕಟವಾಯಿತು.

ಆ ಸಂಗ್ರಹಕ್ಕೆ ಹೆಸರು ಕೊಟ್ಟ ಕಥೆಯಲ್ಲೂ ಕೊಡವಿದೆ. ಬಡವಿಯೊಬ್ಬಳ ಮಗಳು ಹೂವಿನ ಮರವಾಗಬಲ್ಲಳು. ಉಗುರು ತಾಕದಂತೆ ತಂದ ಒಂದು ಕೊಡ ನೀರು ಹೊಯ್ದರೆ ಮರ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಟೊಂಗೆ ಮುರಿಯದೆ, ಎಲೆ ಹರಿಯದೆ ಹೂ ಕೊಯ್ಯಬೇಕು. ಅವಳ ಅಕ್ಕ ಆ ನಿಯಮ ಪಾಲಿಸುವವರೆಗೆ ಹುಡುಗಿಗೆ ನೋವಿಲ್ಲ. ಮದುವೆಯಾದ ಮೇಲೆ ಗಂಡನ ಮನೆಯ ನಾದಿನಿ ಅವಳ ಮನಸ್ಸಿಗೆ ವಿರುದ್ಧವಾಗಿ ಮರವಾಗಿಸಿ, ಟೊಂಗೆ ಮುರಿದು, ನೀರನ್ನು ಅರೆಬರೆ ಚೆಲ್ಲಿ ಹೋದಾಗ ಕೈಕಾಲಿಲ್ಲದ ಮುಂಡವಷ್ಟೇ ಉಳಿಯುತ್ತದೆ. ಗಿರೀಶ ಕಾರ್ನಾಡರು ಇದನ್ನು ಆಧರಿಸಿ ‘ಚೆಲುವಿ’ (1992) ಎಂಬ ಚಿತ್ರ ಮಾಡಿದರು.

ಗುಡ್ಡದ ಪುರಾಣ ಕೇಳದ ಪ್ರಶ್ನೆಯನ್ನು ಈ ಅಜ್ಜಿಯ ಕಥೆ ಕೇಳುತ್ತದೆ. ಮಗುವಿನಲ್ಲಿರುವ ಶಕ್ತಿ ಯಾರದು? ಅದನ್ನು ಬಳಸಲು ಅದರ ಒಪ್ಪಿಗೆ ಬೇಕೋ ಬೇಡವೋ? ಪುರಾಣದಲ್ಲಿ ಕೊಡ ಕರಗಿದರೆ ತಪ್ಪು ಹೊತ್ತವಳದ್ದು. ಅಜ್ಜಿಯ ಕಥೆಯಲ್ಲಿ ತಪ್ಪು ನೀರನ್ನು ಸರಿಯಾಗಿ ಹೊಯ್ಯದವರದ್ದು. ಹೊಣೆಯು ಮಗುವಿನಿಂದ ಸುತ್ತಲಿನ ದೊಡ್ಡವರಿಗೆ ವರ್ಗವಾಗುತ್ತದೆ. ಇದು ನಮ್ಮ ಹೆಣ್ಣುಮಕ್ಕಳು ಮಾಡಿಟ್ಟ ದೊಡ್ಡ ನೈತಿಕ ತಿದ್ದುಪಡಿ.

ಕನ್ನಡದ ಮಕ್ಕಳ ಕಾದಂಬರಿಗೆ

ಕನ್ನಡದ ಮಕ್ಕಳು 1949ರಿಂದ ‘ಚಂದಮಾಮ’ದಲ್ಲಿ ರಾಜಕುಮಾರ, ಮಾಂತ್ರಿಕ, ಬೇತಾಳರನ್ನು ಓದಿ ಬೆಳೆದರು. ಆ ಕಥೆಗಳ ನಾಡು ಬಹುಮಟ್ಟಿಗೆ ಊರಿಲ್ಲದ ನಾಡು. ನಿಜವಾದ ನೆಲದ ಕಷ್ಟವನ್ನು ಎಳೆಯರಿಗೆ ಹೇಳಬಹುದೆಂದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ತೋರಿಸಿತು. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಾದ ರೇಣುಕಾಸಾಗರವೂ ಊರುಗಳನ್ನು ನುಂಗಿದ ನೀರೇ.

ಗಾರ್ನರ್ ಒಂದು ಕಣಿವೆಯ ಪುರಾಣವನ್ನು ಎಳೆಯರ ಕೈಗೆ ಕೊಟ್ಟು, ಅದರ ಕ್ರೂರ ಸುತ್ತನ್ನು ಮುರಿಯುವ ಅವಕಾಶವನ್ನು ಅವರಿಗೇ ಬಿಟ್ಟರು. ಮಲಪ್ರಭೆಯ ದಂಡೆಗೂ ಅಂಥ ಕಾದಂಬರಿ ಬೇಕು. ಅದರ ಸಾಮಗ್ರಿ ಸಿದ್ಧವಾಗಿದೆ: ಮರಳ ಕೊಡವಿದೆ, ಹಾವಿನ ಸಿಂಬಿಯಿದೆ, ಐದು ಮಕ್ಕಳ ಮುಂದಿಟ್ಟ ಆಜ್ಞೆಯಿದೆ, ಮರವಾಗುವ ಹುಡುಗಿಯಿದ್ದಾಳೆ. ಆದರೆ ಸಾಮಗ್ರಿಯನ್ನು ಎತ್ತಿಕೊಳ್ಳುವವರು ಅದರ ಇತಿಹಾಸವನ್ನೂ ಎತ್ತಿಕೊಳ್ಳಬೇಕು. ದೇವಿಯ ಕರೆಯನ್ನು ಬರೀ ರೋಮಾಂಚನವಾಗಿ ಬರೆದರೆ ಏಳು ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡ ಮಕ್ಕಳಿಗೆ ಅನ್ಯಾಯವಾಗುತ್ತದೆ. ಎಲ್ಲವನ್ನೂ ಮೂಢನಂಬಿಕೆ ಎಂದು ಬದಿಗೆ ಸರಿಸಿದರೆ ಚೌಡಿಕೆಯ ಹಾಡಿಗೂ ಕೊಡದ ಕುಣಿತಕ್ಕೂ ಅನ್ಯಾಯವಾಗುತ್ತದೆ.

ಹಿರಿಯರ ಹೊಣೆಯನ್ನು ಮಗು ತಾನಾಗಿ ಕೇಳಿ, ತಿಳಿದು, ಒಪ್ಪಿ ಹೊರಬೇಕು. ಒಲ್ಲೆ ಎನ್ನುವ ಹಕ್ಕು ಅದಕ್ಕಿರಬೇಕು. ಈ ಸೀಮೆಯ ಎರಡು ಕಥಾಪರಂಪರೆಗಳನ್ನೂ ಅಲ್ಲಿನ ಹೆಣ್ಣುಮಕ್ಕಳ ನಿಜ ಬದುಕನ್ನೂ ಒಟ್ಟಿಗೆ ಓದಿದಾಗ ಸಿಗುವ ತೀರ್ಮಾನ ಇದು. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರಿನ ಶಾಲೆಗಳ ಶಿಕ್ಷಕರು ತಮ್ಮ ಮಕ್ಕಳಿಗೆ ಮನೆಯ ಅಜ್ಜಿಯರಿಂದ ಕಥೆ ಕೇಳಿ ಬರೆದು ತರಲು ಹಚ್ಚಬೇಕು. ಚೌಡಿಕೆಯ ಹಾಡುಗಾರರು ಇರುವಾಗಲೇ ಅವರ ಹಾಡುಗಳನ್ನು ಧ್ವನಿಮುದ್ರಿಸಿ ಇಡಬೇಕು. ನಮ್ಮ ಲೇಖಕರು ಆ ದಾಖಲೆಗಳಿಂದ ಮಕ್ಕಳಿಗಾಗಿ ಹೊಸ ಕಾದಂಬರಿಗಳನ್ನು ಕಟ್ಟಬೇಕು.