ಕೇಂಬ್ರಿಜ್ಜಿನ ವಿದ್ಯಾರ್ಥಿನಿಯರು: ಪ್ರವೇಶದಿಂದ ಪದವಿಯವರೆಗೆ

ವಿಶ್ವವಿದ್ಯಾಲಯಗಳಲ್ಲಿ ಸ್ತ್ರೀಯರ ಸ್ಥಿತಿಗತಿಯನ್ನು ವಿವೇಚಿಸುವವರು ಸಾಮಾನ್ಯವಾಗಿ ಅವರಿಗೆ ಪ್ರವೇಶ ದೊರೆತ ವರ್ಷವನ್ನೇ ಪ್ರಧಾನವಾಗಿ ಎಣಿಸುತ್ತಾರೆ. ಪ್ರವೇಶವೆಂಬುದು ಮೊದಲ ಮೆಟ್ಟಿಲು ಮಾತ್ರ. ಒಳಹೊಕ್ಕ ವಿದ್ಯಾರ್ಥಿನಿಗೆ ವಸತಿ, ಪ್ರಯೋಗಶಾಲೆ, ಪರಿಶ್ರಮಕ್ಕೆ ತಕ್ಕ ಪದವಿ, ಆಡಳಿತದಲ್ಲಿ ಸ್ಥಾನ ಇವು ದೊರೆತವೇ ಎಂಬುದೇ ಮುಖ್ಯವಾದ ಪ್ರಶ್ನೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಇತಿಹಾಸವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

೧೮೬೯ರಲ್ಲಿ ಎಮಿಲಿ ಡೇವಿಸ್ ಅವರು ಹಿಚಿನ್ ಎಂಬ ಊರಿನ ಬಾಡಿಗೆಯ ಮನೆಯೊಂದರಲ್ಲಿ ಐವರು ವಿದ್ಯಾರ್ಥಿನಿಯರೊಡನೆ ಕಾಲೇಜನ್ನು ಆರಂಭಿಸಿದರು. ಕೇಂಬ್ರಿಜ್ಜಿನ ಅಧ್ಯಾಪಕರು ರೈಲಿನಲ್ಲಿ ಅಲ್ಲಿಗೆ ಬಂದು ಪಾಠ ಹೇಳುತ್ತಿದ್ದರು. ೧೮೭೩ರಲ್ಲಿ ಅದು ಕೇಂಬ್ರಿಜ್ಜಿಗೆ ಸಮೀಪದ ಗರ್ಟನ್ನಿಗೆ ಸ್ಥಳಾಂತರಗೊಂಡಿತು. ಈ ನಡುವೆ ೧೮೭೧ರಲ್ಲಿ ಹೆನ್ರಿ ಸಿಜ್ವಿಕ್ ಅವರು ಹಿಡಿದ ಬಾಡಿಗೆಯ ಮನೆಯಲ್ಲಿ, ಆನ್ ಕ್ಲಫ್ ಅವರ ಮೇಲ್ವಿಚಾರಣೆಯಲ್ಲಿ, ಮುಂದೆ ನ್ಯೂನ್‌ಹ್ಯಾಮ್ ಕಾಲೇಜೆನಿಸಿದ ಸಂಸ್ಥೆಯೂ ತಲೆಯೆತ್ತಿತು. ಸ್ತ್ರೀಯರಿಗೆಂದು ಬೇರೆ ಪರೀಕ್ಷೆ ಏರ್ಪಟ್ಟರೆ ಲೋಕದಲ್ಲಿ ಅದಕ್ಕೆ ಬೆಲೆಯಿರದು, ಪುರುಷರ ಪರೀಕ್ಷೆಯನ್ನೇ ಅವರೂ ಬರೆಯಬೇಕು ಎಂಬುದು ಡೇವಿಸ್ ಅವರ ನಿಲುವು.

೧೮೮೦ರಲ್ಲಿ ಗರ್ಟನ್ನಿನ ಷಾರ್ಲೆಟ್ ಆಂಗಸ್ ಸ್ಕಾಟ್ ಗಣಿತದ ಪರೀಕ್ಷೆಯಲ್ಲಿ ಎಂಟನೆಯ ಸ್ಥಾನಕ್ಕೆ ಸಮನಾದ ಯೋಗ್ಯತೆಯನ್ನು ತೋರಿದರೂ ಅವರ ಹೆಸರನ್ನು ವಿಧ್ಯುಕ್ತವಾಗಿ ಓದಲಿಲ್ಲ. ಸಭೆಯಲ್ಲಿದ್ದ ವಿದ್ಯಾರ್ಥಿಗಳೇ ಅವರ ಹೆಸರನ್ನು ಕೂಗಿ ಹೇಳಿದರು. ಮರುವರ್ಷವೇ ಸ್ತ್ರೀಯರಿಗೆ ಪರೀಕ್ಷೆ ಬರೆಯುವ ವಿಧಿವತ್ತಾದ ಹಕ್ಕು ದೊರೆಯಿತು. ಪ್ರಯೋಗಶಾಲೆಗಳ ಕೊರತೆಯನ್ನು ನೀಗಲು ೧೮೮೪ರಲ್ಲಿ ಸ್ತ್ರೀಯರಿಗಾಗಿಯೇ ಬಾಲ್ಫರ್ ಪ್ರಯೋಗಶಾಲೆ ಸ್ಥಾಪಿತವಾಯಿತು. ಬಳಕೆಯಿಲ್ಲದೆ ಬಿದ್ದಿದ್ದ ಪ್ರಾರ್ಥನಾಮಂದಿರವೊಂದು ಅದಕ್ಕೆ ಕಟ್ಟಡವಾಯಿತು. ೧೮೯೦ರಲ್ಲಿ ನ್ಯೂನ್‌ಹ್ಯಾಮಿನ ಫಿಲಿಪ್ಪಾ ಫಾಸೆಟ್ ಗಣಿತದಲ್ಲಿ ಪುರುಷರ ಪ್ರಥಮನನ್ನೂ ಮೀರಿಸಿದರು.

ಇಷ್ಟಾದರೂ ಪದವಿ ಮಾತ್ರ ಸಲ್ಲಲಿಲ್ಲ. ೧೮೯೭ರಲ್ಲಿ ಈ ವಿಷಯ ಮತಕ್ಕೆ ಬಂದಾಗ ಪರವಾಗಿ ೬೬೨, ವಿರುದ್ಧವಾಗಿ ೧,೭೧೩ ಮತಗಳು ಬಿದ್ದವು. ಸೈಕಲ್ಲೇರಿದ ಸ್ತ್ರೀಯ ಪ್ರತಿಕೃತಿಯನ್ನು ಬೀದಿಯ ಮೇಲೆ ತೂಗುಹಾಕಿ ವಿರೋಧಿಗಳು ಗೇಲಿಮಾಡಿದರು. ೧೯೨೧ರಲ್ಲಿಯೂ ಸೋಲೇ ಆಯಿತು; ವಿದ್ಯಾರ್ಥಿಗಳ ಗುಂಪೊಂದು ನ್ಯೂನ್‌ಹ್ಯಾಮಿನ ಕಂಚಿನ ದ್ವಾರವನ್ನು ಜಖಂಗೊಳಿಸಿತು. ಅಂದು ದೊರೆತುದು ಹೆಸರಿಗೆ ಮಾತ್ರದ ಪದವಿ. ವಿಶ್ವವಿದ್ಯಾಲಯದ ಸದಸ್ಯತ್ವವಾಗಲಿ ಮತಾಧಿಕಾರವಾಗಲಿ ಅದರೊಡನೆ ಬರಲಿಲ್ಲ. ೧೯೩೯ರಲ್ಲಿ ಡೊರೊಥಿ ಗ್ಯಾರಡ್ ಪುರಾತತ್ತ್ವದ ಪ್ರಾಧ್ಯಾಪಕಿಯಾಗಿ ಆಯ್ಕೆಯಾದಾಗಲೂ ಸ್ತ್ರೀಯರಿಗೆ ಪೂರ್ಣ ಸದಸ್ಯತ್ವವಿರಲಿಲ್ಲವೆಂಬುದು ಸೋಜಿಗವೇ ಸರಿ. ಅದು ಲಭಿಸಿದ್ದು ೧೯೪೮ರಲ್ಲಿ, ಎಂದರೆ ಫಾಸೆಟ್ ಅವರ ವಿಜಯಕ್ಕೆ ೫೮ ವರ್ಷಗಳ ತರುವಾಯ. ಪುರುಷರ ಕಾಲೇಜುಗಳಲ್ಲಿ ಮೊದಲ ಮೂರು ಸ್ತ್ರೀಯರನ್ನು ಸೇರಿಸಿಕೊಂಡದ್ದು ೧೯೭೨ರಲ್ಲಿ. ಕೊನೆಯದಾದ ಮ್ಯಾಗ್ಡಲಿನ್ ಒಪ್ಪಿದ್ದು ೧೯೮೮ರಲ್ಲಿ.

ಸ್ತ್ರೀಯರು ಯೋಗ್ಯತೆಯನ್ನು ತೋರಿದರೆ ಸ್ಥಾನಮಾನ ತಾನಾಗಿ ಒದಗುವುದೆಂಬ ನಂಬಿಕೆಗೆ ಈ ಚರಿತ್ರೆ ಆಧಾರ ನೀಡುವುದಿಲ್ಲ. ಪರೀಕ್ಷೆಯಲ್ಲಿ ಅವರು ಗೆದ್ದರೂ ಮತದಾನದಲ್ಲಿ ಸೋತರು. ಏಕೆಂದರೆ ತೀರ್ಮಾನಿಸುವ ಸಭೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಆದುದರಿಂದ ವಿದ್ಯಾರ್ಥಿನಿಯರ ಹಿತವನ್ನು ಬಯಸುವ ಯಾವ ವಿದ್ಯಾಸಂಸ್ಥೆಯೂ ಅವರ ಸಂಖ್ಯೆಯನ್ನು ಎಣಿಸಿ ತೃಪ್ತಿಪಡುವಂತಿಲ್ಲ. ಅವರಿಗೆ ಸಂಬಂಧಿಸಿದ ನಿರ್ಣಯಗಳಲ್ಲಿ ಅವರ ಮಾತಿಗೂ ಎಡೆಯಿದೆಯೇ ಎಂಬುದನ್ನು ಮೊದಲು ನೋಡಬೇಕು.