ಸತ್ತ ಗಿಡುಗಗಳ ಫೋಟೋ

ನಮ್ಮ ಬೆಲ್‌ರೋಸ್‌ನಲ್ಲಿ ಗಿಡುಗ ನೋಡೋದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ಕ್ರಾಸ್ ಐಲ್ಯಾಂಡ್ ಪಾರ್ಕ್‌ವೇನಲ್ಲಿ ಟ್ರಾಫಿಕ್ ನಿಂತಾಗ ದೀಪದ ಕಂಬಗಳ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ರೆಡ್ ಟೇಲ್ಡ್ ಹಾಕ್ ಒಂದು ಎದೆ ಉಬ್ಬಿಸಿಕೊಂಡು ಸಾಹುಕಾರನ ಹಾಗೆ ಕೂತಿರುತ್ತೆ. ಆದರೆ ಕೈಯಲ್ಲಿ ಕ್ಯಾಮೆರಾ ಇದ್ದ ದಿನ ಮಾತ್ರ ಅದು ಅಲ್ಲಿರೋದಿಲ್ಲ! ಈ ಅವಮಾನ ತಡೆಯಲಾರದೆ ಕಳೆದ ಸೆಪ್ಟೆಂಬರ್‌ನಲ್ಲಿ ಉದ್ದನೆಯ ಲೆನ್ಸೊಂದನ್ನು ಬಾಡಿಗೆಗೆ ತಂದು, ಥರ್ಮಾಸ್‌ನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬೆಳಗಿನ ಜಾವಕ್ಕೇ ಪೆನ್ಸಿಲ್ವೇನಿಯಾ ದಾರಿ ಹಿಡಿದೆ. ನ್ಯೂ ಜೆರ್ಸಿಯನ್ನು ಅಡ್ಡಡ್ಡ ಸೀಳಿಕೊಂಡು ಹೋಗುವ ಐ-78ರಲ್ಲಿ ಮೂರು ಗಂಟೆ ಹತ್ತಿರದ ದಾರಿ. ಊರಿನ ಹೆಸರು ಕೆಂಪ್ಟನ್, ಬೆಟ್ಟದ ಹೆಸರು ಹಾಕ್ ಮೌಂಟನ್.

ಅಲ್ಲಿಗೇ ಯಾಕೆ ಅಂದರೆ, ಕಿಟ್ಟಟಿನಿ ಅನ್ನೋ ಉದ್ದನೆಯ ಬೆಟ್ಟಸಾಲಿಗೆ ವಾಯವ್ಯದ ಗಾಳಿ ಬಡಿದು ಮೇಲಕ್ಕೇಳುತ್ತೆ. ದಕ್ಷಿಣಕ್ಕೆ ವಲಸೆ ಹೊರಟ ಗಿಡುಗಗಳು ರೆಕ್ಕೆ ಬಡಿಯುವ ಕಷ್ಟ ಬಿಟ್ಟು ಆ ಗಾಳಿಯ ಮೇಲೇ ಪುಕ್ಕಟೆ ಸವಾರಿ ಮಾಡುತ್ತವೆ. ಬಂಡೆಗಳ ಮೇಲೆ ಕೂತು ಕಾಯೋದಷ್ಟೇ ನಮ್ಮ ಕೆಲಸ. ನಾನೂ ಕಾದೆ. ಬ್ರಾಡ್ ವಿಂಗ್ಡ್ ಹಾಕ್‌ಗಳು ಗುಂಪುಗುಂಪಾಗಿ ಸುತ್ತುತ್ತಾ ಮೇಲೇರಿ, ಅಲ್ಲಿಂದ ಸಾಲಾಗಿ ಜಾರಿ ಹೋದವು. ನಾಲ್ಕು ನೂರು ಚಿಲ್ಲರೆ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ನೀಲಿ ಹಾಳೆಯ ಮೇಲೆ ಸಾಸಿವೆ ಚೆಲ್ಲಿದ ಹಾಗಿತ್ತು. ಹೆಂಡತಿ ನೋಡಿ, 'ಲೆನ್ಸ್ ಒರೆಸಿದ್ರಾ?' ಅಂದಳು.

ಇರಲಿ, ನಾನು ಹೇಳಹೊರಟಿದ್ದು ನನ್ನ ಫೋಟೋಗಳ ಕಥೆಯಲ್ಲ. ಆ ಬೆಟ್ಟದ ಬಗ್ಗೆ ಓದುತ್ತಾ ಕೂತಾಗ ಇನ್ನೊಂದು ಫೋಟೋ ಸಿಕ್ಕಿತು. ಕಪ್ಪು-ಬಿಳುಪು, 1932ರದ್ದು. ಅದರಲ್ಲಿ ಹಾರುವ ಹಕ್ಕಿ ಒಂದೂ ಇಲ್ಲ. ಕಾಡಿನ ನೆಲದ ಮೇಲೆ ಸತ್ತ ಗಿಡುಗಗಳನ್ನು ಸಾಲಾಗಿ ಜೋಡಿಸಿಟ್ಟಿದೆ.

ತೆಗೆದವನು ರಿಚರ್ಡ್ ಪೌ ಅನ್ನೋ ಯುವಕ, ಹವ್ಯಾಸಿ ಫೋಟೋಗ್ರಾಫರ್. ಆ ಕಾಲದಲ್ಲಿ ಗಿಡುಗ ಅಂದರೆ ಕೋಳಿ ಕದಿಯುವ ದರಿದ್ರ ಪ್ರಾಣಿ, ಕೊಂದವನು ಪುಣ್ಯವಂತ. 1929ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವೇ ಗಾಸ್‌ಹಾಕ್ ಎನ್ನುವ ಒಂದು ಜಾತಿಯ ತಲೆಗೆ ಐದು ಡಾಲರ್ ಇನಾಮು ಕಟ್ಟಿತ್ತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಐದು ಡಾಲರ್ ಅಂದರೆ ಸಣ್ಣ ಮೊತ್ತ ಅಲ್ಲ ನೋಡಿ. ಹಾರುತ್ತಿರೋದು ಗಾಸ್‌ಹಾಕೋ ಬೇರೆಯದೋ ಅಂತ ಕೋವಿ ಹಿಡಿದವನಿಗೆ ಗೊತ್ತಾಗಬೇಕಲ್ಲ? ಗೊತ್ತಾದರೂ ಬಿಡುವವರಾರು? ರಜೆ ಬಂತೆಂದರೆ ಜನ ಕಾರು ಮಾಡಿಕೊಂಡು ಬಂದು ಇದೇ ಬಂಡೆಗಳ ಮೇಲೆ ನಿಂತು ಸಿಕ್ಕಿದ್ದನ್ನೆಲ್ಲ ಹೊಡೆದು ಹಾಕುತ್ತಿದ್ದರು. ನಾನು ಚಿತ್ರಾನ್ನ ತಿಂದ ಜಾಗ ಅದು.

ಫೋಟೋ ತೆಗೆದ ಮಾತ್ರಕ್ಕೆ ಏನೂ ಆಗಲಿಲ್ಲ. ಪೌ ಸುದ್ದಿ ಮುಟ್ಟಿಸಿದ, ಸಭೆಯಲ್ಲಿ ಹೇಳಿದ, ದೊಡ್ಡವರು ತಲೆ ಆಡಿಸಿದರು. ಸುಮ್ಮನಿರಲಾಗದೆ ಹೋದದ್ದು ನ್ಯೂಯಾರ್ಕಿನ ರೋಸಲಿ ಎಡ್ಜ್‌ಗೆ. ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿ ಪಳಗಿದವಳು, ಸೆಂಟ್ರಲ್ ಪಾರ್ಕ್‌ನಲ್ಲಿ ಹಕ್ಕಿ ನೋಡುತ್ತಿದ್ದವಳು. 1934ರಲ್ಲಿ, ತನ್ನ 56ನೇ ವಯಸ್ಸಿನಲ್ಲಿ, ಸುಮಾರು 1,400 ಎಕರೆ ಬೆಟ್ಟವನ್ನೇ ಗುತ್ತಿಗೆಗೆ ತೆಗೆದುಕೊಂಡಳು, ಆಮೇಲೆ ಕೊಂಡೇಬಿಟ್ಟಳು. ಮಾರಿಸ್ ಬ್ರೌನ್ ಎಂಬ ಪಕ್ಷಿತಜ್ಞನನ್ನೂ ಅವನ ಹೆಂಡತಿ ಇರ್ಮಾಳನ್ನೂ ಕಾವಲಿಗೆ ಕರೆತಂದಳು. ಸಿಟ್ಟಾಗಿ ಕೋವಿ ಹಿಡಿದು ಬಂದವರನ್ನು ದಾರಿಯಲ್ಲೇ ತಡೆದು ವಾಪಸ್ ಕಳಿಸೋದು ಈ ಗಂಡ-ಹೆಂಡಿರ ಕೆಲಸ, ಅದೂ ಶುರುವಿನಲ್ಲಿ ಸಂಬಳ ಇಲ್ಲದೆ! ಬೇಟೆಹಕ್ಕಿಗಳಿಗೆಂದೇ ಮೀಸಲಾದ ಧಾಮ ಜಗತ್ತಿನಲ್ಲಿ ಅದೇ ಮೊದಲು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ರೌನ್‌ನ ಒಂದು ಅಭ್ಯಾಸ. ಹೇಗೂ ಅಲ್ಲೇ ಕೂತಿರ್ತೀನಲ್ಲ ಅಂತ, ಬೆಟ್ಟ ದಾಟುವ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದ. ಅಂಗಡಿ ಲೆಕ್ಕದ ಹಾಗೆ ದಿನಾ. ಅದರ ಬೆಲೆ ಗೊತ್ತಾದದ್ದು ಕಾಲು ಶತಮಾನದ ನಂತರ. ರೇಚಲ್ ಕಾರ್ಸನ್ 1962ರ 'ಸೈಲೆಂಟ್ ಸ್ಪ್ರಿಂಗ್'ನಲ್ಲಿ ಈ ಲೆಕ್ಕವನ್ನು ಬಳಸಿಕೊಂಡಳು. 1935ರಿಂದ 39ರವರೆಗೆ ಅಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ನೂರಕ್ಕೆ ನಲವತ್ತು ಎಳೆಯವು. 1955ರಿಂದ 59ರ ಹೊತ್ತಿಗೆ ಇಪ್ಪತ್ತು. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಒಂದು ಮರಿ. ಬೇಟೆ ನಿಂತಿತ್ತು, ಆದರೆ ಡಿಡಿಟಿ ಬಂದಿತ್ತು. ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಕಾವು ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಆಕಾಶದಲ್ಲಿ ಹದ್ದು ಹಾರುತ್ತಲೇ ಇದ್ದವು, ಯಾರು ಎಷ್ಟು ಚೆನ್ನಾಗಿ ಫೋಟೋ ತೆಗೆದಿದ್ದರೂ ಆ ಫೋಟೋದಲ್ಲಿ ಇಲ್ಲದ ಮರಿ ಕಾಣುತ್ತಿರಲಿಲ್ಲ. ನಮ್ಮ ಲಾಂಗ್ ಐಲ್ಯಾಂಡ್‌ನಲ್ಲೂ ಇದೇ ಡಿಡಿಟಿ ಓಸ್ಪ್ರೇಗಳ ಸಂತಾನಕ್ಕೆ ಕೈ ಹಾಕಿತ್ತು, ಇಲ್ಲಿನ ವಿಜ್ಞಾನಿಗಳು ಕೋರ್ಟಿಗೆ ಹೋದರು. 1972ರಲ್ಲಿ ನಿಷೇಧ ಬಂತು. ಈಗ ಜಮೈಕಾ ಬೇನಲ್ಲಿ, ಕೆನಡಿ ಏರ್‌ಪೋರ್ಟಿನ ವಿಮಾನಗಳ ಕೆಳಗೇ, ಓಸ್ಪ್ರೇ ಗೂಡು ಕಟ್ಟುತ್ತವೆ.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ರಾಮನಗರ. ಚಿಕ್ಕವನಿದ್ದಾಗ ಬೆಂಗಳೂರು-ಮೈಸೂರು ಬಸ್ಸಿನ ಕಿಟಕಿಯಿಂದ ಆ ಬಂಡೆಗಳ ಮೇಲೆ ಸುತ್ತುವ ರಣಹದ್ದುಗಳನ್ನು ಎಷ್ಟು ಸಲ ನೋಡಿದ್ದೇನೋ. ಎಲ್ಲರ ಗಮನ 'ಶೋಲೆ' ತೆಗೆದ ಜಾಗ ಯಾವುದು ಅನ್ನೋದರ ಮೇಲೆ. ಆಮೇಲೆ ದೇಶದ ತುಂಬ ರಣಹದ್ದುಗಳು ಮಾಯವಾದವು. ವಿಭು ಪ್ರಕಾಶ್ ಅವರು 1980ರ ದಶಕದಲ್ಲಿ ಭರತಪುರದಲ್ಲಿ ಎಣಿಸಿಟ್ಟ ಲೆಕ್ಕ ಇದ್ದುದರಿಂದ ಮುಂದಿನ ದಶಕದ ಕುಸಿತ ಎಷ್ಟು ಅಂತ ತಿಳಿಯಿತು. ದನಕರುಗಳಿಗೆ ಕೊಡುವ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದಿಂದ ಹದ್ದಿನ ಮೂತ್ರಪಿಂಡಕ್ಕೆ ವಿಷ ಅನ್ನೋದು 2004ರಲ್ಲಿ ಗೊತ್ತಾಗಿ, 2006ರಲ್ಲಿ ಪಶುಗಳಿಗೆ ಅದನ್ನು ಕೊಡೋದು ನಿಷೇಧವಾಯ್ತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯ್ತು. ಆ ಹೊತ್ತಿಗೆ ಅಲ್ಲಿ ಉಳಿದದ್ದು ಬೆರಳೆಣಿಕೆ.

ಹಾಕ್ ಮೌಂಟನ್‌ನಿಂದ ಬಂದ ವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ, ರಾಮನಗರದಲ್ಲಿ ಇಳಿದು ತೆಗೆದ ಹಳೇ ಫೋಟೋಗಳಿದ್ದವಲ್ಲ, ಅದರಲ್ಲಿ ಎಲ್ಲಾದರೂ ರಣಹದ್ದು ಇದೆಯಾ ನೋಡಮ್ಮ ಅಂತ. ಆಲ್ಬಮ್ ತೆಗೆದು ನೋಡಿದಳು ಪಾಪ. ಅಣ್ಣ ಇದ್ದಾನೆ, ಅಪ್ಪ ಇದ್ದಾರೆ, ಹಿಂದೆ ಬಂಡೆ ಇದೆ, ಆಕಾಶದಲ್ಲಿ ಏನೂ ಇಲ್ಲ.

'ಹದ್ದಿನ ಫೋಟೋ ಯಾರಾದ್ರೂ ತೆಗೀತಾರೇನೋ, ಅಪಶಕುನ! ನಿಮ್ಮಪ್ಪ ಅದು ಆ ಕಡೆ ಹೋಗ್ಲಿ ಅಂತ ಕಾದು ತೆಗೆದಿದ್ರು' ಅಂದಳು.