ಮದ್ದು ಕೊಡುವ ಪಂಡಿತರು

ನ್ಯಾಮತಿ, ಹೊನ್ನಾಳಿ ಸೀಮೆಯ ಹಿರಿಯರು 'ಪಂಡಿತರಿಗೆ ತೋರಿಸ್ಕೊಂಡು ಬಾ' ಎಂದರೆ ಶಾಸ್ತ್ರ ಕೇಳಿ ಬಾ ಎಂದಲ್ಲ, ನಾಡಿ ಹಿಡಿಸಿಕೊಂಡು ಚೂರ್ಣವನ್ನೋ ಕಷಾಯದ ಬೇರನ್ನೋ ತಾ ಎಂದರ್ಥ. ಸಂಸ್ಕೃತದಲ್ಲಿ 'ಪಂಡಾ' ಎಂದರೆ ವಿವೇಕ, ಅದುಳ್ಳವನು ಪಂಡಿತ. ಓದಿದವನ ಹೆಸರು ಮದ್ದು ಅರೆಯುವವನಿಗೆ ಹೇಗೆ ಬಂತು?

ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದರೆ ಒಂದು ಎಳೆ ಸಿಗುತ್ತದೆ. ಅಲ್ಲಿನ ಕೇದಾರೇಶ್ವರ ದೇವಾಲಯದ ಕೋಡಿಯ ಮಠವನ್ನು ನಡೆಸಿದವರು ಕಾಳಾಮುಖ ಎಂಬ ಶೈವ ಪಂಥದ ಗುರುಗಳು. ಸೋಮೇಶ್ವರ ಪಂಡಿತ, ವಾಮಶಕ್ತಿ ಪಂಡಿತ ಎಂದು ಅವರ ಹೆಸರುಗಳು. ಕಲಚುರಿ ದೊರೆ ಬಿಜ್ಜಳನ ಕಾಲದ 1162ರ ಶಾಸನ ಆ ಮಠವನ್ನು ಮನದಣಿಯೆ ಬಣ್ಣಿಸುತ್ತದೆ: ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ, ಕುರುಡರಿಗೂ ಕುಂಟರಿಗೂ ದಿಕ್ಕಿಲ್ಲದವರಿಗೂ ಅನ್ನ, ಅನಾಥ ರೋಗಿಗಳಿಗೆ ಚಿಕಿತ್ಸೆ. ಪಾಣಿನಿಯ ಪಾಠವೂ ರೋಗಿಯ ಆರೈಕೆಯೂ ಒಂದೇ ಸೂರಿನಡಿ! ಪದದ ಅರ್ಥ ಅಲ್ಲೇ ಹೊರಳಿತೆಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಮಠಗಳ ಬಾಗಿಲಿಗೆ ಬಂದ ರೋಗಿಗೆ 'ಪಂಡಿತ' ಎಂದರೆ ಏನಾಗಿ ಕಂಡಿರಬೇಕು ಎಂಬುದು ಇದರಿಂದ ತಿಳಿಯುತ್ತದೆ.

ತಮಿಳಿನಲ್ಲೂ ಇದೇ ಬಳಕೆಯುಂಟು. ತಂಜಾವೂರಿನ ಅಬ್ರಹಾಂ ಪಂಡಿತರ್ ಸಂಗೀತ ವಿದ್ವಾಂಸರು, ಸಿದ್ಧವೈದ್ಯರೂ ಹೌದು. ನಮ್ಮಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರೂ ಆಯುರ್ವೇದ ವೈದ್ಯರೇ.

ಈ ಗೌರವವನ್ನು ಕೆಡಿಸಿದ್ದು 'ಅಳಲೆಕಾಯಿ ಪಂಡಿತ' ಎಂಬ ಮೂದಲಿಕೆ. ನನಗೆ ಇದು ನೋವಿನ ಮಾತು. ಅಳಲೆ, ತಾರೆ, ನೆಲ್ಲಿ ಸೇರಿದರೆ ತ್ರಿಫಲಾ, ಆಯುರ್ವೇದ ತಲೆಯ ಮೇಲೆ ಹೊತ್ತ ಮದ್ದು. ಅರೆಬರೆ ಕಲಿತವನನ್ನು ಹಳಿಯಲು ಆ ಒಳ್ಳೆಯ ಕಾಯಿಯನ್ನೂ ಒಳ್ಳೆಯ ಹೆಸರನ್ನೂ ಒಟ್ಟಿಗೆ ಬಲಿಕೊಟ್ಟೆವು.

ವೈದ್ಯನ ಹಳೆಯ ಹೆಸರು ಬಳಕೆ ತಪ್ಪಿದರೂ ಮನೆತನದಲ್ಲಿ ಉಳಿಯುವುದುಂಟು. ಹಳೆಯ ಫ್ರೆಂಚಿನಲ್ಲಿ ವೈದ್ಯನಿಗೆ 'ಮೀರ್' ಎನ್ನುತ್ತಿದ್ದರು, ಲ್ಯಾಟಿನ್ನಿನ 'ಮೆದಿಕುಸ್' ಸವೆದು ಆದ ಪದ. ಬಳಕೆಯಿಂದ ಅದು ಬಿದ್ದುಹೋಯಿತು. ಈಗ ಉಳಿದಿರುವುದು 'ಲಮೀರ್' ಎಂಬ ಮನೆತನದ ಹೆಸರಿನಲ್ಲಿ. ನಮ್ಮಲ್ಲಿ ಉತ್ತರ ಕರ್ನಾಟಕದ 'ವೈದ್ಯ' ಅಡ್ಡಹೆಸರು ಹಾಗೆಯೇ ಉಳಿದಿದೆ, ವೃತ್ತಿ ಬಿಟ್ಟ ಮನೆಗಳಲ್ಲೂ. ನಿಮ್ಮೂರಲ್ಲಿ 'ಪಂಡಿತರ ಮನೆ' ಎಂಬ ಹೆಸರಿದ್ದರೆ, ಆ ಮನೆಯಲ್ಲಿ ಯಾವ ಕಾಯಿಲೆಗೆ ಮದ್ದು ಕೊಡುತ್ತಿದ್ದರೆಂದು ಹಿರಿಯರನ್ನು ಈಗಲೇ ಕೇಳಿ ಬರೆದಿಡಿ.